ಹೂಂ ಅಂದ ಗುರುವಾರ

ಫೆಬ್ರವರಿ 5, ಮಂಗಳವಾರ. ಬೆಳಿಗ್ಗೆ

ಪ್ರೀತಿಯ ರೋಸಲ್ಮಾ, ಹೇಗಿದ್ದೀ? ಸೂಜಿ ಚುಚ್ಚುವ ಕೈಯ ಊತ ಇಳಿಯಿತೇ? ಲಿಜೆಟ್‌ಳ ಬೆನ್ನು ಹೇಗಿದೆ? ಬಗ್ಗಿ ಹಿಮ ಎತ್ತಬೇಡ ಎಂದು ಮಾವ ಹೇಳಿದನೆಂದು ನಿನ್ನ ಮಗಳಿಗೆ ಹೇಳು. ಅಳಿಯ ಯ್ವಾನ್‌ನ ಕೆಮ್ಮು ಹೋಯಿತೇ? ಕುಂಟು ಬೆಕ್ಕು ಬಿಜೂ ಊಟ ಮಾಡುತ್ತಿದೆಯೇ? ನಾನು ಚೆನ್ನಾಗಿದ್ದೇನೆ. ಯ್ವಾನ್ ಲಾರಿಯಲ್ಲಿ ಕಳಿಸಿದ ಪೆಟ್ಟಿಗೆ ತಲುಪಿತು…

ಇಷ್ಟು ಬರೆಯುವಷ್ಟರಲ್ಲಿ ಟೋಸ್ಟ್ ಸೀದಿತು. ಕಾಗದವನ್ನು ಮೊದಲು ಈ ಪುಸ್ತಕದಲ್ಲಿ ಬರೆದು, ತಿದ್ದಿ, ಆಮೇಲೆ ಒಳ್ಳೆಯ ಹಾಳೆಗೆ ಇಳಿಸುವುದು ನಲವತ್ತು ವರ್ಷದ ರೂಢಿ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಪ್ಪುಗಳು ಇಲ್ಲೇ ಉಳಿಯಲಿ.

ಪೆಟ್ಟಿಗೆಯಲ್ಲಿ ತಂಗಿಯ ಗಂಡ ಒರೆಲ್‌ನ ಬಿಳಿ ಗೇಮ್ ಕನ್ಸೋಲ್. ಟೀವಿಗೆ ಹಾಕಿ, ರಿಮೋಟ್ ಬೀಸಿ, ಚೆಂಡು ಉರುಳಿಸಿ ಹತ್ತು ಪಿನ್ನು ಬೀಳಿಸುವ ಬೌಲಿಂಗ್ ಆಡುವಂಥದು. ಅವನು ತೀರಿಹೋಗಿ ಎರಡು ವರ್ಷ. ರೋಸಲ್ಮಾಗೆ ಈಗ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಕುರ್ಚಿ. ಕನ್ಸೋಲನ್ನು ಕೈಯಲ್ಲಿ ಹಿಡಿದೊಯ್ಯುವಷ್ಟು ಚಿಕ್ಕದು ಮಾಡಬಹುದಂತೆ, ಸ್ಕ್ರೀನ್, ಬ್ಯಾಟರಿ ಎಲ್ಲ ಒಂದೇ ಡಬ್ಬಿಯಲ್ಲಿ. ಅವಳು ಕೇಳಿದಳು, ನಾನು ಒಪ್ಪಿದೆ. ಮೂವತ್ತು ವರ್ಷ ಗಣಿಯಲ್ಲಿ ಮೋಟಾರು ಬಿಚ್ಚಿದವನಿಗೆ ಇದು ಯಾವ ಲೆಕ್ಕ ಅಂದುಕೊಂಡೆ.

ನಿನ್ನೆ ಸಂಜೆ ಟೀವಿಗೆ ಹಾಕಿ ನೋಡಿದೆ. ಒರೆಲ್ ಮನೆಯವರೆಲ್ಲರ ಗೊಂಬೆಮುಖ ಮಾಡಿಟ್ಟಿದ್ದಾನೆ. ಅಮ್ಮ ಇದ್ದಾಳೆ. ನಾನೂ ಇದ್ದೇನೆ, ಕಿವಿಗಳು ಬಾಗಿಲಿನಷ್ಟು. ಅವನು ತಾನೇ ಮಧ್ಯದಲ್ಲಿ, ದೊಡ್ಡ ಮೂಗು, ಹಸಿರು ಅಂಗಿ. ರೋಸಲ್ಮಾಗೆ ಬೇಕಾದದ್ದು ಬೌಲಿಂಗ್ ಅಲ್ಲ. ಅವನ ಪಕ್ಕದಲ್ಲಿ ನಿಂತು ಆಡುವುದು.

ಫೆಬ್ರವರಿ 14, ಗುರುವಾರ

ಲೈಬ್ರರಿಯಲ್ಲಿ ಗುರುವಾರ ರಿಪೇರಿ ಮೇಜು ಹಾಕುತ್ತಾರೆ. ಐಲಾ ಎಂಬಾಕೆ ಕೂರುತ್ತಾಳೆ. ಐವತ್ತರ ಹೆಂಗಸು, ಮಾಲ್‌ನಲ್ಲಿ ಫೋನ್ ರಿಪೇರಿ ಅಂಗಡಿ. ಇಂಥ ಡಬ್ಬಿ ನಾಲ್ಕು ಮಾಡಿದ್ದಾಳಂತೆ.

ವಿಷಯ ಇಷ್ಟು. ಕನ್ಸೋಲಿನ ಒಳಗಿನ ಬೋರ್ಡು ಊಟದ ತಟ್ಟೆಯಷ್ಟು ಅಗಲ. ಅದರಲ್ಲಿ ಜೀವ ಇರುವುದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಉಳಿದದ್ದನ್ನು ತಿರುಗುವ ಪುಟ್ಟ ಗರಗಸದಿಂದ ಕತ್ತರಿಸಿ ತೆಗೆಯಬೇಕು. ಕಳೆದುಹೋದ ದಾರಿಗಳಿಗೆ ಬದಲಾಗಿ ಕೂದಲಿನಂಥ ವೈರು ಬೆಸೆಯಬೇಕು. ಎಲ್ಲಿ ಕತ್ತರಿಸಬೇಕೆಂಬ ಚಿತ್ರ ಕಂಪ್ಯೂಟರಿನಲ್ಲಿ ಸಿಗುತ್ತದೆ.

ಕೆಟ್ಟ ಬೋರ್ಡೊಂದನ್ನು ಕೊಟ್ಟು ಬೆಸೆಯಲು ಹೇಳಿದಳು. ಬೆಸೆದೆ. ನೋಡಿ, "ಆಲ್ಸೀಡ್, ಇದು ಬೆಸುಗೆಯಲ್ಲ, ಹಕ್ಕಿ ಹಿಕ್ಕೆ" ಅಂದಳು. ಪಕ್ಕದ ಮೇಜಿನಲ್ಲಿ ಹೊಲಿಗೆ ಮಷೀನು ತಂದಿದ್ದ ಮುದುಕಿಯೂ ನಕ್ಕಳು. ನಾನೂ ನಕ್ಕೆ. ಹತ್ತು ಸಲ ಮಾಡಿಸಿದಳು. ಹನ್ನೊಂದನೆಯದಕ್ಕೆ ಏನೂ ಹೇಳಲಿಲ್ಲ. ಅದೇ ಅವಳ ಶಹಬ್ಬಾಸ್.

ಫೆಬ್ರವರಿ 21, ಗುರುವಾರ

ಐಲಾ ನಿಂತು ನೋಡುತ್ತಿರುವಾಗ ಎರಡು ಕೆಟ್ಟ ಬೋರ್ಡು ಕತ್ತರಿಸಿದೆ. ಚೆನ್ನಾಗಿ ಬಂತು.

ಹೊರಡುವಾಗ ಕೇಳಿದಳು: "ನಿಮ್ಮ ಭಾವಮೈದುನನ ಕನ್ಸೋಲಿನ ಮೆಮೊರಿ ಕಾಪಿ ತೆಗೆದಿದ್ದೀರಾ? ಅದಿಲ್ಲದೆ ಬ್ಲೇಡ್ ಮುಟ್ಟಬೇಡಿ."

ಹೂಂ ಅಂದೆ.

ತೆಗೆದಿಲ್ಲ. ತೆಗೆಯುವುದು ಹೇಗೆಂದು ಗೊತ್ತಿಲ್ಲ. ಕಾರ್ಡಿಗೆ ಏನೋ ಹಾಕಬೇಕು, ಏನೋ ಒತ್ತಬೇಕು, ಹೋದ ವಾರವೇ ಹೇಳಿದ್ದಳು, ಆಗಲೂ ತಲೆಯಾಡಿಸಿದ್ದೆ. ಗಣಿಯಲ್ಲಿ ಮೇಸ್ತ್ರಿ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ ಕೂಡಲೇ ನಾವು ಫ್ರೆಂಚ್ ಮಾತಾಡುವ ಹುಡುಗರೆಲ್ಲ ಹೂಂ ಅನ್ನುತ್ತಿದ್ದೆವು. ಅರ್ಥವಾಗಲಿಲ್ಲ ಅಂದವನನ್ನು ಸಂಜೆವರೆಗೆ ಆಡಿಕೊಳ್ಳುತ್ತಿದ್ದರು. ಎಪ್ಪತ್ತೊಂದು ವಯಸ್ಸಾಯಿತು. ಕತ್ತು ತಾನೇ ಆಡುತ್ತದೆ.

ಮುಂದಿನ ವಾರ ಕೇಳುತ್ತೇನೆ.

ಮಾರ್ಚ್ 2, ಶನಿವಾರ. ಮಧ್ಯಾಹ್ನ 3

ಕತ್ತರಿಸಿದೆ.

ಕೇಳಿರಲಿಲ್ಲ. ಗುರುವಾರ ಹಿಮ ಜಾಸ್ತಿ, ಲೈಬ್ರರಿ ಮುಚ್ಚಿತ್ತು. ಕಾಯಬಹುದಿತ್ತು. ಕೈ ಕಾಯಲಿಲ್ಲ. ಎರಡು ಸಲ ಸರಿಯಾಗಿ ಬಂದಿತ್ತಲ್ಲ…

ಚಿತ್ರ ನೋಡಿ ಬೋರ್ಡಿನ ಮೇಲೆ ಕಪ್ಪು ಗೆರೆ ಎಳೆದೆ. ಗೆರೆಯ ಮೇಲೇ ಹೋದೆ, ಕೂದಲಷ್ಟೂ ತಪ್ಪಲಿಲ್ಲ. ಮುಗಿದ ಮೇಲೆ ಕೈಯಲ್ಲಿದ್ದ ತುಂಡು ಚಿತ್ರಕ್ಕೆ ಹೊಂದಲಿಲ್ಲ. ತಿರುಗಿಸಿದೆ. ಮತ್ತೆ ತಿರುಗಿಸಿದೆ. ಆಗ ಹೊಳೆಯಿತು. ಚಿತ್ರ ಬೋರ್ಡಿನ ಕೆಳಮೈಯದು. ನಾನು ಮೇಲ್ಮೈಯಲ್ಲಿ ಎಳೆದಿದ್ದೆ. ಎಡ ಬಲವಾಗಿತ್ತು. ಲೈಬ್ರರಿಯಲ್ಲಿ ಐಲಾಳೇ ಬೋರ್ಡನ್ನು ಮಗುಚಿ ಕೈಗೆ ಕೊಡುತ್ತಿದ್ದಳು. ಏಕೆ ಮಗುಚುತ್ತಾಳೆಂದು ನಾನು ಕೇಳಿರಲಿಲ್ಲ.

ಮೆಮೊರಿ ಚಿಪ್ ಸರಿಯಾಗಿ ನಡುವೆ ಎರಡು ಹೋಳು. ಒರೆಲ್, ಅಮ್ಮ, ಎಲ್ಲರೂ ಅದರಲ್ಲೇ ಇದ್ದರು.

ಗ್ಯಾರೇಜಿನಲ್ಲಿ ಸುಟ್ಟ ವಾಸನೆ. ಬಾಗಿಲು ತೆರೆದು ಚಳಿಯಲ್ಲಿ ನಿಂತೆ.

ಮಾರ್ಚ್ 7, ಗುರುವಾರ

ಐಲಾಗೆ ತೋರಿಸಿದೆ. ಬೈಯಲಿಲ್ಲ. ಎಲ್ಲರೂ ಒಂದು ಸಲ ಹೀಗೆ ಕತ್ತರಿಸುತ್ತಾರೆ, ತಾನೂ ಕತ್ತರಿಸಿದ್ದೆ ಅಂದಳು. "ಕಾಪಿ ಇದೆಯಲ್ಲ, ಚಿಂತೆಯಿಲ್ಲ. ಅದರಿಂದ ಮುಖಗಳನ್ನ ತೆಗೆದು ಬೇರೆ ಬೋರ್ಡಿಗೆ ಹಾಕೋಣ. ಮುಂದಿನ ವಾರ ತನ್ನಿ."

ಆಗಲಾದರೂ ಹೇಳಬಹುದಿತ್ತು. ಅವಳ ಮುಖ ನನ್ನಿಂದ ಒಂದು ಮೊಳ ದೂರದಲ್ಲಿತ್ತು.

ಹೂಂ ಅಂದೆ.

ಮಾರ್ಚ್ 10, ಭಾನುವಾರ

ರೋಸಲ್ಮಾ ಫೋನ್ ಮಾಡಿದ್ದಳು. ಕುರ್ಚಿಯಲ್ಲಿ ಮಲಗಿ ಚಾವಣಿ ಹಲಗೆಯ ಸಣ್ಣ ತೂತು ಎಣಿಸುತ್ತಾಳಂತೆ. ಎಡಗೈ ಅಲ್ಲಾಡಿಸುವ ಹಾಗಿಲ್ಲ, ಬಲಗೈಯಲ್ಲಿ ರಿಮೋಟ್ ಬೀಸಬಹುದು ಎಂದು ನರ್ಸ್ ಒಪ್ಪಿದ್ದಾಳಂತೆ. ಒರೆಲ್‌ನ ಅಂಕ ಸಾವಿರದ ನಾನೂರ ಎಂಟು, ಅದನ್ನು ತಾನು ದಾಟಬೇಕು, ಬದುಕಿದ್ದಾಗ ಬಿಡಲಿಲ್ಲ ಆ ಮನುಷ್ಯ ಅಂದಳು. ನಕ್ಕಳು.

"ಎಲ್ಲಿವರೆಗೆ ಬಂತು, ಮುದುಕಾ?"

ನಡೀತಾ ಇದೆ ಅಂದೆ.

ಮಾರ್ಚ್ 16, ಶನಿವಾರ

ಗುರುವಾರ ಲೈಬ್ರರಿಗೆ ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ. ಜ್ವರ ಇರಲಿಲ್ಲ.

ಹಳೆ ಸಾಮಾನಿನ ಅಂಗಡಿಯಲ್ಲಿ ಅಂಥದೇ ಬಿಳಿ ಕನ್ಸೋಲ್ ಸಿಕ್ಕಿತು. ಟೀವಿಗೆ ಹಾಕಿ, ಯಾರದೋ ಮುಖಗಳನ್ನು ಅಳಿಸಿ, ಒರೆಲ್‌ನನ್ನು ಮಾಡಲು ಕೂತೆ. ಮದುವೆಯ ಫೋಟೋ ಪಕ್ಕದಲ್ಲಿ. ಮೂಗು ಹನ್ನೆರಡು ತರಹ ಇವೆ. ಹುಬ್ಬನ್ನು ಮೇಲೆ ಕೆಳಗೆ ಜರುಗಿಸಬಹುದು. ಮೂರು ಗಂಟೆ ಹಿಡಿಯಿತು. ಕೊನೆಗೆ ಅವನೇ ಎದುರು ನಿಂತ ಹಾಗೆ ಇತ್ತು. ಅಮ್ಮನನ್ನೂ ಮಾಡಿದೆ. ನನ್ನ ಕಿವಿಗಳನ್ನು ಅವನು ಮಾಡಿದಷ್ಟೇ ದೊಡ್ಡದು ಮಾಡಿದೆ.

ಅಂಕ ಸೊನ್ನೆ. ಅದು ಆಡಿಯೇ ಗಳಿಸಬೇಕು.

ಮಾರ್ಚ್ 29, ಶುಕ್ರವಾರ

ಬೆಳಿಗ್ಗೆ ಟೋಸ್ಟ್ ಆದ ಮೇಲೆ ಒರೆಲ್ ಆಗಿ ಆಡುತ್ತೇನೆ. ಇವತ್ತಿಗೆ ಒಂಬೈನೂರ ಅರವತ್ತು. ಮಂಡಿ ನೋಯುತ್ತದೆ. ಇವತ್ತು ಒಂದೇ ಎಸೆತಕ್ಕೆ ಹತ್ತೂ ಪಿನ್ನು ಬಿದ್ದವು, ಗೊಂಬೆ ಕುಣಿಯಿತು, ನಾನೂ ಕೈ ಎತ್ತಿದೆ. ಎತ್ತಿದ ಕೈ ಇಳಿಸಲು ಏಕೋ ನಾಚಿಕೆಯಾಯಿತು, ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ.

ಅವನು ಬದುಕಿದ್ದಾಗ ಕ್ರಿಸ್‌ಮಸ್‌ಗೆ ಹೋದಾಗಲೆಲ್ಲ ರಿಮೋಟ್ ಚಾಚುತ್ತಿದ್ದ. ಬಾ ಆಲ್ಸೀಡ್, ಒಂದು ಆಟ. ಮಕ್ಕಳಾಟ ಎಂದು ನಾನು ಒಮ್ಮೆಯೂ ಕೂರಲಿಲ್ಲ.

ಏಪ್ರಿಲ್ 9, ಮಂಗಳವಾರ

ಅಂಕ ಸಾವಿರದ ನಾನೂರ ಎಂಟಕ್ಕೆ ಭಾನುವಾರವೇ ಬಂತು. ಅಲ್ಲಿಗೇ ನಿಲ್ಲಿಸಿದೆ. ನಿನ್ನೆ ಈ ಬೋರ್ಡನ್ನು ಮಗುಚಿ, ಎರಡೆರಡು ಸಲ ನೋಡಿ ಕತ್ತರಿಸಿದೆ. ಇವತ್ತು ವೈರು, ಬ್ಯಾಟರಿ, ಪುಟ್ಟ ಸ್ಕ್ರೀನ್. ಡಬ್ಬಿಗೆ ನನ್ನ ಗಾಳದ ಸಾಮಾನಿನ ಹಸಿರು ಪೆಟ್ಟಿಗೆ. ಮುಚ್ಚಳ ತೆರೆದರೆ ಸ್ಕ್ರೀನ್ ಎದ್ದು ನಿಲ್ಲುತ್ತದೆ.

ಸ್ವಿಚ್ ಒತ್ತಿದೆ. ಹತ್ತಿತು. ಫ್ಯಾನ್ ಸಣ್ಣಗೆ ಗುಂಯ್ ಎಂದಿತು.

ಜೀವಮಾನದಲ್ಲಿ ಇಷ್ಟು ನಯವಾದ ಕೆಲಸ ನನ್ನ ಕೈಯಿಂದ ಆಗಿಲ್ಲ. ಯಾರಿಗೂ ತೋರಿಸುವಂತಿಲ್ಲ. ಐಲಾಗಂತೂ…

ಏಪ್ರಿಲ್ 12, ಶುಕ್ರವಾರ. ಸಂಜೆ

ರೋಸಲ್ಮಾಳ ಊರು ಟಿಮಿನ್ಸ್‌ಗೆ ಹೋಗಿ ಬಂದೆ. ಹೋಗಿ ಬರಲು ಏಳು ಗಂಟೆ ದಾರಿ.

ಡಯಾಲಿಸಿಸ್ ಕೋಣೆಯಲ್ಲಿ ರೋಸಲ್ಮಾಳ ಮಡಿಲಿನ ಮೇಲೆ ಹಲಗೆ ಇಟ್ಟು ಡಬ್ಬಿ ತೆರೆದೆ. ಮುಖಗಳು ಬಂದವು. ಒರೆಲ್‌ನನ್ನು ನೋಡುತ್ತ ಕೂತಳು. ಬಹಳ ಹೊತ್ತು.

ಆಮೇಲೆ ಅಂದಳು: "ಮೂಗು ಚೆನ್ನಾಗಿ ಮಾಡಿದ್ದೀಯ."

ಹೂಂ ಅಂದೆ.

ನರ್ಸನ್ನು ಕರೆದು, ನಮ್ಮಣ್ಣ ಮಾಡಿದ್ದು ಇದು, ಒಬ್ಬನೇ, ಆರನೇ ಕ್ಲಾಸು ಓದಿದವನು ಅಂದಳು. ಅತ್ತಿತ್ತ ಕುರ್ಚಿಯವರೂ ಕತ್ತು ಚಾಚಿ ನೋಡಿದರು. ಎರಡು ಆಟ ಆಡಿದಳು. ಬಲಗೈ ಹಗುರವಾಗಿ ಬೀಸುತ್ತಿತ್ತು. ಹೊರಡುವಾಗ ನನ್ನ ಕೆನ್ನೆ ತಟ್ಟಿದಳು, ಚಿಕ್ಕಂದಿನಲ್ಲಿ ನಾನು ಅವಳಿಗೆ ತಟ್ಟುತ್ತಿದ್ದ ಹಾಗೆ.

ವಾಪಸು ಬರುವಾಗ ಗೊಗಾಮಾ ಊರು ದಾಟಿದ ಮೇಲೆ ಕಾರು ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಮಾಡಿದ್ದೀಯ ಅಂದಳು. ಮೂಗು ನಾನು ಮಾಡಿದ್ದೆಂದು ಅವಳಿಗೆ ಯಾರು ಹೇಳಿದರು? ನೋಡಿದ ಕೂಡಲೇ ಗೊತ್ತಾಗಿದೆ. ಗಂಡ ಮಾಡಿಟ್ಟ ಮುಖ ಅವಳಿಗೆ ತಿಳಿಯದೇ? ಹೇಳಿಕೊಳ್ಳಲು ಜಾಗ ಬಿಟ್ಟುಕೊಟ್ಟಳು. ನಾನು ಹೂಂ ಅಂದು ಸುಮ್ಮನಾದೆ. ಆಮೇಲೆ ಅಷ್ಟು ಜನರ ಮುಂದೆ ನನ್ನನ್ನು ಹೊಗಳಿದಳು. ಸೂಜಿ ಚುಚ್ಚಿಸಿಕೊಂಡು ಮಲಗಿದವಳು, ನನ್ನ ಮಾನ ಕಾಯುತ್ತ…

ಏಪ್ರಿಲ್ 18, ಗುರುವಾರ

ಲೈಬ್ರರಿಗೆ ಹೋದೆ. ಮೇಜಿನ ಮುಂದೆ ಮೂವರಿದ್ದರು. ಅವರೆಲ್ಲ ಹೋಗಲಿ ಎಂದು ಕಾಯಬೇಕೆನಿಸಿತು. ಕಾಯಲಿಲ್ಲ. ಅವರೆದುರೇ ಹೇಳಿದೆ.

"ಐಲಾ, ನಾನು ಕಾಪಿ ತೆಗೆದೇ ಇರಲಿಲ್ಲ. ಹೇಗೆ ಅಂತ ಗೊತ್ತಿರಲಿಲ್ಲ."

ಐಲಾ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಒಂದು ಮಾತು ಕೇಳಿದ್ದರೆ ಇಪ್ಪತ್ತು ನಿಮಿಷದ ಕೆಲಸ, ಆಲ್ಸೀಡ್."

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕುರ್ಚಿ ಎಳೆದು ಕೂರಿಸಿದಳು. ಬೇರೊಂದು ಕನ್ಸೋಲ್ ತೆಗೆದು ಕಾಪಿ ತೆಗೆಯುವುದನ್ನು ಮೊದಲಿನಿಂದ ತೋರಿಸಿದಳು. ಎರಡು ಕಡೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಅಂದೆ. ಮತ್ತೆ ತೋರಿಸಿದಳು. ಗಡಿಯಾರ ನೋಡಿದೆ. ಹದಿನೆಂಟು ನಿಮಿಷ.

ಏಪ್ರಿಲ್ 23, ಮಂಗಳವಾರ. ಬೆಳಿಗ್ಗೆ

ಪ್ರೀತಿಯ ರೋಸಲ್ಮಾ,

ಎಲ್ಲರ ಆರೋಗ್ಯ ಈ ಸಲ ಮೊದಲು ಕೇಳುವುದಿಲ್ಲ. ಕೇಳಲು ಕೂತರೆ ಅಲ್ಲೇ ಉಳಿದುಬಿಡುತ್ತೇನೆ, ಹೇಳಬೇಕಾದ್ದು ಹಾಳೆಯ ಕೊನೆಗೂ ಬರುವುದಿಲ್ಲ.

ಆ ಡಬ್ಬಿಯಲ್ಲಿರುವ ಒರೆಲ್‌ನನ್ನು ಒರೆಲ್ ಮಾಡಿದ್ದಲ್ಲ. ನಾನು ಮಾಡಿದ್ದು. ಅಮ್ಮನನ್ನೂ ನಾನೇ ಮಾಡಿದ್ದು. ಅಂಕವೂ ನನ್ನದೇ, ಮೂರು ವಾರ ಅವನ ಹೆಸರಿನಲ್ಲಿ ಆಡಿದೆ. ಅವನು ಮಾಡಿಟ್ಟದ್ದನ್ನೆಲ್ಲ ಮಾರ್ಚ್ ಎರಡರಂದು ಎರಡು ಹೋಳು ಮಾಡಿದೆ. ಬೋರ್ಡನ್ನು ಮಗುಚದೆ ಕತ್ತರಿಸಿದ್ದರಿಂದ ಹಾಗಾಯಿತು. ಆದರೆ ಅದು ಕೈತಪ್ಪು, ಅದನ್ನು ಯಾರಾದರೂ ಮಾಡಿಯಾರು. ಕಾಪಿ ತೆಗೆದಿದ್ದರೆ ಎಲ್ಲವೂ ಉಳಿಯುತ್ತಿತ್ತು. ನನಗೆ ತೆಗೆಯಲು ಬರುತ್ತಿರಲಿಲ್ಲ, ಬರುವುದಿಲ್ಲ ಎನ್ನಲು ನಾಚಿಕೆಯಾಯಿತು. ನಿನ್ನ ಗಂಡನ ಮುಖಕ್ಕಿಂತ ನನ್ನ ಮುಖ ನನಗೆ ದೊಡ್ಡದಾಯಿತು.

ನಿನಗೆ ತಿಳಿದುಹೋಗಿದೆ ಎಂದು ನನಗೆ ಗೊತ್ತು. ಆದರೂ ನನ್ನ ಕೈಯಾರೆ ಬರೆದು ಹೇಳಬೇಕಿತ್ತು. ಹೇಳಲು ನೀನು ಜಾಗ ಕೊಟ್ಟಾಗ ಹೇಳಲಿಲ್ಲ.

ಎರಡು ಹೋಳುಗಳನ್ನು ಬಿಸಾಡಿಲ್ಲ. ಅವು ನಿನ್ನವು, ಬೇಕೆಂದರೆ ಹತ್ತಿಯಲ್ಲಿ ಸುತ್ತಿ ಕಳಿಸುತ್ತೇನೆ. ಡಬ್ಬಿಯಲ್ಲಿರುವ ಆ ಮುಖ ನೋಡಲು ಸಂಕಟವಾದರೆ ಅಳಿಸಿಬಿಡು. ಇರಲಿ ಅನ್ನುವುದಾದರೂ ನೀನೇ ಅನ್ನು. ಆ ತೀರ್ಮಾನ ನಾನು ಮಾಡುವಂಥದ್ದಲ್ಲ.

ಈಗ ಹೇಳು, ನಿನ್ನ ಕೈ ಹೇಗಿದೆ? ಲಿಜೆಟ್, ಯ್ವಾನ್ ಹೇಗಿದ್ದಾರೆ? ಫೋನ್ ಮಾಡಬೇಡ. ಫೋನಿನಲ್ಲಿ ನೀನು ನಕ್ಕುಬಿಡುತ್ತೀಯ, ನಾನು ಅದನ್ನೇ ಹಿಡಿದುಕೊಂಡು ಪಾರಾಗುತ್ತೇನೆ. ಕಾಗದವೇ ಬರೆ. ಬೈದಾದರೂ ಬರೆ, ಒಂದೇ ಸಾಲಾದರೂ ಬರೆ, ಆದರೆ ಬೇಗ—