ಹನೀಫೆಯ ಕೈಗಳು

೯ ಅಕ್ಟೋಬರ್ ೧೯೭೪, ಬುಧವಾರ

ಇಸ್ತಾಂಬುಲಿನಿಂದ ದೂರದ ಈ ಹಳ್ಳಿಯಲ್ಲಿ ನಮ್ಮ ಸಿನಿಮಾದ ಚಿತ್ರೀಕರಣ ಶುರುವಾಗಿ ಇಪ್ಪತ್ತು ದಿನ. ರೈತನ ಹೆಂಡತಿಯ ಪಾತ್ರಕ್ಕಾಗಿ ರೊಟ್ಟಿ ಲಟ್ಟಿಸಿ ಲಟ್ಟಿಸಿ ರಟ್ಟೆ ಸೋತುಹೋಗಿದೆ. ಆದರೂ ನನ್ನ ಕೈ ಅಂಥವಳ ಕೈಯಂತೆ ಕಾಣುವುದಿಲ್ಲವಂತೆ. ಮುಖ ನನ್ನದೇ ಇರಲಿ, ಕೈಗಳು ನಾವು ಚಿತ್ರೀಕರಿಸುತ್ತಿರುವ ಈ ಮನೆಯ ಒಡತಿ ಹನೀಫೆಯವಾಗಲಿ ಎಂದರು ನಿರ್ದೇಶಕರು.

ಹನೀಫೆ ನನ್ನ ಅಂಗೈ ಸವರಿ ನಕ್ಕಳು. "ಇಸ್ತಾಂಬುಲಿನ ಬೆಣ್ಣೆ! ಈ ಕೈಲಿ ಬೆರಣಿ ತಟ್ಟಿದ್ರೆ ಸಗಣೀನೇ ನಾಚ್ಕೊಳ್ಳುತ್ತೆ ಕಣೇ."

ಅವಳ ಗಂಡ ದುರ್ಮುಷ್ ನಗಲಿಲ್ಲ. "ಕೈ ಮಾತ್ರ. ಇವಳ ಮುಖ ಏನಾದ್ರೂ ಕಾಣಿಸ್ತೋ, ಕ್ಯಾಮೆರಾ ಒಡೆದಾಕ್ತೀನಿ."

ಇವತ್ತಿನ ದೃಶ್ಯದಲ್ಲಿ, ಗಂಡನ ಹೊಡೆತ ತಾಳಲಾರದ ಹೆಂಡತಿ ಬಾಗಿಲ ಅಗುಳಿ ತೆಗೆದು ಮನೆ ಬಿಟ್ಟು ಹೋಗುತ್ತಾಳೆ. ಹನೀಫೆ ನಾಲ್ಕು ಸಲ ಅಗುಳಿ ತೆಗೆದಳು. ನಾಲ್ಕನೆಯದು ಸರಿಹೋಯಿತು.

"ಸಿನಿಮಾದೋಳು ಆಮೇಲೆ ವಾಪಸ್ ಬರ್ತಾಳಾ?" ಮೆಲ್ಲಗೆ ಕೇಳಿದಳು.

"ಇಲ್ಲಕ್ಕಾ, ಬರಲ್ಲ."

ಅಷ್ಟರಲ್ಲಿ ಕ್ಯಾಮೆರಾ ಪೆಟ್ಟಿಗೆ ಸೇರಿತ್ತು. "ಇನ್ನೊಂದ್ಸಲ ತೆಗೀಲಾ ತಂಗಿ?" ಎಂದವಳು ನನ್ನ ಉತ್ತರಕ್ಕೂ ಕಾಯದೆ ಅಗುಳಿ ಎತ್ತಿದಳು.

"ಚಹಾ ಎಲ್ಲೇ?" ಒಳಗಿನಿಂದ ದುರ್ಮುಷ್ ಕೂಗಿದ.

ಎತ್ತಿದ ಅಗುಳಿಯನ್ನು ಆ ಕೈಗಳೇ ಮತ್ತೆ ಇಳಿಸಿದವು.

ಸಾಕಾಗಿದೆ ನನಗೆ. ನಾಳೆ ಅಳುವ ದೃಶ್ಯವಂತೆ. ಅದಕ್ಕೆ ಮಾತ್ರ ನನ್ನ ಮುಖವೇ ಸಾಕಂತೆ.