ಹಾಸುಗಲ್ಲಿನ ಮೇಲೊಂದು ಸಮುದ್ರ

ಸಂಖ
ಜ್ಯೇಷ್ಠದ ಮೊದಲ ವಾರ, ೧೯೫೫

ಪ್ರೀತಿಯ ತಂಗಿ ಕಾಳವ್ವನಿಗೆ, ಬಿಸಿಲಿನ ಊರಿನಿಂದ ನಿನ್ನ ಅಕ್ಕ ಇಂದ್ರಾಬಾಯಿ ನೀರಿನ ಊರಿಗೆ ಕಳಿಸುವ ಆಶೀರ್ವಾದಗಳು.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳು. ಸಮುದ್ರದ ನೀರು ದಂಡೆಗೆ ಬಂದು ತಿರುಗಿ ಹೋಗುತ್ತದಲ್ಲ, ಅದನ್ನು ಹಿಂದಕ್ಕೆ ಕರೆಯುವವರು ಯಾರು? ನೀನು ನಗುತ್ತಿರಬೇಕು. ಪ್ರಶ್ನೆ ನನ್ನದಲ್ಲ, ನಿನ್ನ ಮಗಳದು. ಅವಳ ಬಾಯಲ್ಲಿ ಅದು ಹೇಗೆ ಬಂತು ಎಂದು ತಿಳಿಸುವುದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ನಿನ್ನ ಗಂಡ ಗುರುಲಿಂಗಪ್ಪನವರಿಗೆ ರತ್ನಾಗಿರಿಯ ಟಪಾಲು ಕಚೇರಿಗೆ ವರ್ಗವಾದಾಗ ನಿನ್ನ ಮಡಿಲಲ್ಲಿ ಕೈಗೂಸಿತ್ತು. ಹೊಸ ಊರು, ಅಲ್ಲಿ ಕನ್ನಡ ಸಾಲೆಯೂ ಇಲ್ಲ ಎಂದು ದುಂಡವ್ವನನ್ನು ನನ್ನ ಹತ್ತಿರ ಬಿಟ್ಟು ಹೋದೆ. ಮಕ್ಕಳಿಲ್ಲದ ನನ್ನ ಮನೆಯಲ್ಲಿ ಅವಳು ಹೇಗೆ ಬೆಳೆದಳು ಎಂದು ನಾನು ಹೇಳಬೇಕಾಗಿಲ್ಲ. ಈಗ ಅವಳಿಗೆ ಮರಾಠಿಯೂ ಬರುತ್ತದೆ, ಸಾಲೆ ಶುರುವಾಗುವ ಮೊದಲು ಕಳಿಸು ಎಂದು ನೀನು ಬರೆದೆ. ಆ ಕಾಗದ ಓದಿ ಹೇಳಿದ ದಿನವೇ ಅವಳು ಜೋಳದ ಚೀಲಗಳ ಹಿಂದೆ ಅಡಗಿ ಕುಳಿತಳು. “ನಾ ಒಲ್ಲೆ ದೊಡ್ಡವ್ವಾ. ಅಲ್ಲಿ ನೀರು ಮಂದಿ ಬೆನ್ನ ಹತ್ತತದಂತ. ಕಾಲು ಹಿಡದು ಒಳಗ ಎಳಕೋತದಂತ” ಎಂದಳು. ಎಷ್ಟು ರಮಿಸಿದರೂ ಹೊರಗೆ ಬರಲಿಲ್ಲ.

ಇದು ರೇವಪ್ಪನ ಕರಾಮತ್ತು. ಮುಂಬೈಯ ಗಿರಣಿಯಲ್ಲಿ ದುಡಿದು ಬಂದ ಮೇಲೆ ಅವನು ವಾಚನಾಲಯದ ಕಟ್ಟೆಯ ಮೇಲೆ ಕುಳಿತು ಮಕ್ಕಳಿಗೆ ಮುಂಬೈ ಸುದ್ದಿ ಹೇಳುತ್ತಾನೆ, ಒಂದಕ್ಕೆ ನಾಲ್ಕು ಸೇರಿಸಿ. ಆದರೆ ಹುಡುಗಿಯ ಹೆದರಿಕೆಯಲ್ಲೂ ಒಂದು ನ್ಯಾಯವಿದೆ ನೋಡು. ನಮ್ಮ ಬಾವಿಯ ನೀರು ಇದ್ದಲ್ಲೇ ಇರುತ್ತದೆ. ಹಳ್ಳಕ್ಕೆ ನೀರು ಬಂದರೆ ಇಳಿಜಾರು ಹಿಡಿದು ತನ್ನ ಪಾಡಿಗೆ ಹೋಗುತ್ತದೆ. ನೀರನ್ನು ಹುಡುಕಿಕೊಂಡು ಕೊಡ ಹೊತ್ತು ನಡೆಯುವವರು ನಾವು. ನೀರೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ ಎಂದರೆ ನನಗೂ ಮೈ ಜುಮ್ಮೆನ್ನುತ್ತದೆ.

ಹಾಗೆ ಹೊಳೆದದ್ದು ಒಂದು ಸಮುದ್ರದ ಹಬ್ಬ. ವಾಚನಾಲಯದ ಕೀಲಿ ನನ್ನ ಕೈಗೆ ಬಂದಾಗಿನಿಂದ ರವಿವಾರ ಮಕ್ಕಳನ್ನು ಸೇರಿಸಿ ಕಥೆ ಓದುತ್ತೇನಲ್ಲ, ಒಂದು ದಿನ ಅದರ ಅಂಗಳವನ್ನೇ ಸಮುದ್ರದ ದಂಡೆ ಮಾಡಿಬಿಡೋಣ, ದುಂಡಿ ಅದರಲ್ಲಿ ಆಡಿ ಹೆದರಿಕೆ ಬಿಡಲಿ ಎಂದುಕೊಂಡೆ. ತಮಾಷೆಯೆಂದರೆ ಸಮುದ್ರವನ್ನು ನಾನೂ ಕಂಡಿಲ್ಲ. ಕಪಾಟಿನ ಪುಸ್ತಕಗಳನ್ನೆಲ್ಲ ತೆಗೆದು ಹುಡುಕಿದೆ. ಪುರಾಣದಲ್ಲಿ ಹಾಲಿನ ಸಮುದ್ರ ಸಿಕ್ಕಿತು, ವಚನಗಳಲ್ಲಿ ಸಂಸಾರವೆಂಬ ಸಮುದ್ರ ಸಿಕ್ಕಿತು. ಕಾಲಿಟ್ಟರೆ ಅದು ತಣ್ಣಗಿರುತ್ತದೋ ಬೆಚ್ಚಗಿರುತ್ತದೋ ಎಂದು ಯಾವ ಪುಣ್ಯಾತ್ಮನೂ ಬರೆದಿಲ್ಲ! ಅದರ ವಾಸನೆ ಎಂಥದ್ದು? ಅಷ್ಟು ನೀರಿದ್ದೂ ಕುಡಿಯಲಾಗದು ಎಂದರೆ ಅಲ್ಲಿಯ ಹಕ್ಕಿಗಳು ಏನು ಕುಡಿಯುತ್ತವೆ?

ಬಣ್ಣದ ಬಗ್ಗೆ ಒಂದು ಪಂಚಾಯಿತಿಯೇ ನಡೆಯಿತು. ಸಾಲೆಯ ಮಾಸ್ತರರು ನೀಲಿ ಎಂದರು, ರೇವಪ್ಪ ಕಪ್ಪು ಎಂದ. ನಿನ್ನನ್ನು ಕೇಳಿದರೆ “ಒಂದೊಂದು ಹೊತ್ತಿಗೆ ಒಂದೊಂದು ಬಣ್ಣ ಅಕ್ಕಾ, ಹೇಳಾಕ ಬರಂಗಿಲ್ಲ” ಎಂದು ಬರೆದು ಇನ್ನಷ್ಟು ಗೋಜಲು ಮಾಡಿದೆ. ಕೊನೆಗೆ ಬಟ್ಟೆಗೆ ಹಾಕುವ ನೀಲಿಯನ್ನೇ ಕದಡಿ ನಮ್ಮ ಮನೆಯವರ ಎರಡು ಹಳೆಯ ಧೋತರಗಳನ್ನು ಅದ್ದಿ ತೆಗೆದೆ. “ನನ್ನ ಧೋತರ ಎಲ್ಲಿ?” ಎಂದು ಅವರು ಕೇಳಿದರೆ ದುಂಡಿ “ಸಮುದ್ರ ಆಗ್ಯಾವರಿ ದೊಡ್ಡಪ್ಪಾ” ಎಂದಳು. ಅಂದರೆ ಆ ಕೆಲಸದಲ್ಲಿ ಅವಳಿಗೆ ಮನಸ್ಸು ಬರುತ್ತಿತ್ತು. ಆದರೆ ರತ್ನಾಗಿರಿಗೆ ಹೋಗುವ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದಳು.

ಹಳ್ಳದಿಂದ ಬಂಡಿಯಲ್ಲಿ ಉಸುಕು ತರಿಸಿ ವಾಚನಾಲಯದ ಮುಂದಿನ ಹಾಸುಗಲ್ಲಿನ ಮೇಲೆ ಹರಡಿಸಿದೆ. ಮಕ್ಕಳು ಜೋಳದ ದಂಟಿನ ಬೆಂಡು ಕೊರೆದು ಮೀನು ಮಾಡಿದರು. ನೀನು ಕಳಿಸಿದ ಚಿಪ್ಪುಗಳನ್ನು ಉಸುಕಿನಲ್ಲಿ ಹುಗಿದಿಟ್ಟೆ, ಹುಡುಕಿ ತೆಗೆಯಲಿ ಎಂದು. ಮುಂಬೈಯ ದಂಡೆಯಲ್ಲಿ ಜನ ಚುರುಮುರಿ ತಿನ್ನುತ್ತಾರೆ ಎಂದ ರೇವಪ್ಪನ ಮಾತಿಗೆ ಒಂದು ಬುಟ್ಟಿ ಚುರುಮುರಿಯನ್ನೂ ಕಲಸಿದ್ದಾಯಿತು. ಇಷ್ಟಕ್ಕೆ ನಿಲ್ಲಬೇಕಿತ್ತು. ಸಮುದ್ರವೆಂದರೆ ಉಪ್ಪಲ್ಲವೇ, ಮಕ್ಕಳು ಬೆರಳದ್ದಿ ರುಚಿ ನೋಡಲಿ ಎಂದು ನಾನು ಹರಳುಪ್ಪು ಕುಟ್ಟಿಸಿ ಉಸುಕಿನ ಮೇಲೆ ಧಾರಾಳವಾಗಿ ಉದುರಿಸಿದೆ.

ಕಾಳವ್ವಾ, ಆ ಹಾಸುಗಲ್ಲು ನಿನಗೆ ನೆನಪಿದೆಯೇ? ಅಮಾವಾಸ್ಯೆಗೊಮ್ಮೆ ಸಂಜೆ ಕುರುಬರ ಅಮೋಗಸಿದ್ದ ತನ್ನ ಕುರಿಗಳಿಗೆ ಉಪ್ಪು ತಿನ್ನಿಸುವುದು ಅದೇ ಕಲ್ಲಿನ ಮೇಲೆ. ಹುಟ್ಟಿದಾಗಿನಿಂದ ನೋಡಿದ್ದೇವೆ. ನಾವು ಹಬ್ಬ ಇಟ್ಟುಕೊಂಡದ್ದು ಅಮಾವಾಸ್ಯೆಯ ದಿನ, ಸಂಜೆಯ ತಂಪಿನಲ್ಲಿ. ಇಡೀ ಊರಿನಲ್ಲಿ ಒಬ್ಬರಿಗಾದರೂ ಹೊಳೆಯಬೇಕಲ್ಲ! ಎಲ್ಲರ ತಲೆಯಲ್ಲೂ ಸಮುದ್ರವೇ ತುಂಬಿಕೊಂಡಿತ್ತು.

ಮಕ್ಕಳು ಧೋತರದ ಎರಡೂ ತುದಿ ಹಿಡಿದು ತೆರೆ ಎಬ್ಬಿಸುತ್ತಿದ್ದರು. ದುಂಡಿ ಮಾತ್ರ ದೂರ, ವಾಚನಾಲಯದ ಮೆಟ್ಟಿಲ ಮೇಲೆ. ಕರೆದು ಕರೆದು ಸಾಕಾಗಿ ನಾನೇ ಕೈಹಿಡಿದು ತಂದು ಉಸುಕಿನ ನಡುವೆ ನಿಲ್ಲಿಸಿದೆ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಧೂಳೆದ್ದಿತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕರಿಯ ಕುರಿಗಳ ಹಿಂಡು ನುಗ್ಗಿ ಬಂತು. ಮಕ್ಕಳು ಚೀರುತ್ತ ಕಟ್ಟೆ ಹತ್ತಿದರು. ನಮ್ಮ ಧೋತರದ ಸಮುದ್ರ ಗೊರಸುಗಳ ಕೆಳಗೆ ಚಿಂದಿಯಾಯಿತು. ಚುರುಮುರಿ ಬುಟ್ಟಿ ಎಲ್ಲಿ ಹೋಯಿತೋ ದೇವರೇ ಬಲ್ಲ. ನಾನು ಮೊಳಕಾಲವರೆಗೆ ಕುರಿಗಳಲ್ಲಿ ಸಿಕ್ಕಿಕೊಂಡು ದುಂಡಿಯನ್ನು ಹುಡುಕಿದೆ.

ನಾನು ನಿಲ್ಲಿಸಿದ ಜಾಗದಲ್ಲೇ ಅವಳು ನಿಂತಿದ್ದಳು. ಕುರಿಗಳು ಅವಳ ಕಾಲು ಬೆರಳಿಗೆ ಹತ್ತಿದ ಉಪ್ಪು ನೆಕ್ಕುತ್ತಿದ್ದವು, ಅವಳು ಕಚಗುಳಿ ತಾಳದೆ ಬಿದ್ದು ಬಿದ್ದು ನಗುತ್ತಿದ್ದಳು. ಅಮೋಗಸಿದ್ದ ದೂರದಿಂದ ಒಂದು ಸಿಳ್ಳೆ ಹಾಕಿದ, ಹಿಂಡೆಲ್ಲ ಹಿಂದೆ ಸರಿಯಿತು. ಉಪ್ಪಿನ ಆಸೆ ಬಿಡದೆ ಮತ್ತೆ ನುಗ್ಗಿ ಬಂತು. ಮತ್ತೆ ಸಿಳ್ಳೆ, ಮತ್ತೆ ಹಿಂದೆ. ಕಟ್ಟೆಯ ಮೇಲಿದ್ದ ರೇವಪ್ಪ ಎದ್ದು ನಿಂತು ಕೂಗಿದ: “ಹಿಂಗ ನೋಡ್ರಿ ಅಕ್ಕಾರ, ಖರೇನ ಹಿಂಗ! ಹಿಂಗ ಬರತದ, ಹಿಂಗ ತಿರುಗಿ ಹೋಗತದ!” ನಾನು ಅಮೋಗಸಿದ್ದನ ಮೇಲೆ ರೇಗಿದರೆ ಅವನು ನನಗೇ ಕೇಳಿದ: “ಅಮಾಸಿ ದಿನ ಉಪ್ಪಿನ ಕಲ್ಲಿನ ಮ್ಯಾಲ ಉಪ್ಪು ಚೆಲ್ಲಿ, ಕುರಿ ಯಾಕ ಬಂದ್ವು ಅಂತೀರಲ್ರಿ?”

ದುಂಡಿಯ ಮುಖ ಮಾತ್ರ ಯೋಚನೆಗೆ ಬಿದ್ದಿತ್ತು. “ರೇವಪ್ಪ ಕಾಕಾ, ಕುರಿ ಹಿಂದಕ ಹೋಗಾಕ ಅಮೋಗಸಿದ್ದ ಕಾಕಾ ಸಿಳ್ಳ ಹಾಕತಾನ. ಸಮುದ್ರಕ್ಕ ಯಾರ ಹಾಕತಾರ?” ರೇವಪ್ಪ ತಲೆ ಕೆರೆದುಕೊಂಡ. ಮಾಸ್ತರರು “ಚಂದ್ರ ಎಳೀತಾನವ್ವ” ಎಂದರು. ಅವಳು ಆಕಾಶ ನೋಡಿ “ಇವತ್ತ ಅಮಾಸಿ ಅಲ್ರೀ, ಚಂದ್ರ ಎಲ್ಲಿ ಅದಾನ? ಇವತ್ತ ಸಮುದ್ರ ತಿರುಗಿ ಹೋಗಂಗಿಲ್ಲೇನು?” ಎಂದಳು. ಮಾಸ್ತರರೂ ಆಕಾಶ ನೋಡತೊಡಗಿದರು. ಆಗ ಅವಳು ನನ್ನ ಸೆರಗು ಜಗ್ಗಿ ಹೇಳಿದಳು: “ಯಾರಿಗೂ ಗೊತ್ತಿಲ್ಲ ದೊಡ್ಡವ್ವಾ. ನಾನಽ ಹೋಗಿ ನೋಡಿ ಬರತೀನಿ.”

ಹಬ್ಬ ಹಾಳಾದರೂ ಕೆಲಸ ಆಯಿತಲ್ಲ ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ನಿನಗೆ ಮುಚ್ಚಿಡುವುದೇನು, ಧೋತರಕ್ಕೆ ನೀಲಿ ಹಾಕುವಾಗಲೂ ನನ್ನ ಮನಸ್ಸಿನ ಒಂದು ಮೂಲೆ, ಇದು ಫಲಿಸದಿರಲಿ, ಹುಡುಗಿ ಹೆದರಿಕೊಂಡು ನನ್ನ ಹತ್ತಿರವೇ ಉಳಿಯಲಿ ಎನ್ನುತ್ತಿತ್ತು. ಬರತೀನಿ ಅಂದಳು, ನಿಜ. ಹೋಗುವವರೆಲ್ಲ ಹಾಗೇ ಹೇಳುವುದು.

ಬರುವ ಸೋಮವಾರ ಅವಳನ್ನು ಕರೆದುಕೊಂಡು ಮಿರಜ, ಕೊಲ್ಹಾಪುರ ದಾಟಿ ಘಟ್ಟ ಇಳಿದು ಬರುತ್ತೇನೆ. ನಾನೇ ಬರುತ್ತೇನೆ, ಬೇರೆ ಯಾರ ಜೊತೆಗೂ ಕಳಿಸುವುದಿಲ್ಲ. ಆ ನೀರು ತಣ್ಣಗಿರುತ್ತದೋ ಬೆಚ್ಚಗಿರುತ್ತದೋ ನನಗೂ ನೋಡಬೇಕಾಗಿದೆ.

ಒಂದೇ ಒಂದು ಮಾತು ನಡೆಸಿಕೊಡು ತಂಗಿ. ಹಬ್ಬವಾದ ಮರುದಿನದಿಂದ ದುಂಡಿ ಅಮೋಗಸಿದ್ದನ ಬೆನ್ನು ಬಿದ್ದು, ಬಾಯಲ್ಲಿ ಎರಡು ಬೆರಳಿಟ್ಟು ಸಿಳ್ಳೆ ಹಾಕುವುದನ್ನು ಕಲಿಯುತ್ತಿದ್ದಾಳೆ. ಬರೀ ಗಾಳಿ ಬರುತ್ತಿತ್ತು, ಇವತ್ತು ಬೆಳಿಗ್ಗೆ ಸಪ್ಪಳ ಬಂತು. ದಂಡೆಯ ಮೇಲೆ ನಿಂತು ಅವಳು ಸಮುದ್ರಕ್ಕೆ ಸಿಳ್ಳೆ ಹಾಕಿದಾಗ ನಿಮ್ಮಲ್ಲಿ ಯಾರೂ ನಗಬೇಡಿ. ಅದು ಹಿಂದೆ ಸರಿಯುವವರೆಗೆ ಅವಳ ಜೊತೆ ಸುಮ್ಮನೆ ನಿಂತುಕೊಳ್ಳಿ.

ನಿನ್ನ ಮನೆಯ ತೊಟ್ಟಿಲು, ಅಂಗಳ, ಅದರಾಚೆಯ ನೀರು ಎಲ್ಲ ತಣ್ಣಗಿರಲಿ.

ಇಂತು, ನಿನ್ನ ಮಗಳನ್ನು ನಿನಗೆ ತಂದೊಪ್ಪಿಸಲು ಹೊರಟಿರುವ
ನಿನ್ನ ಅಕ್ಕ
ಇಂದ್ರಾಬಾಯಿ