ಇಪ್ಪತ್ತೇಳನೆಯ ಚಿತ್ರದ ಹೆಸರು

ವಿಜಾಪುರದ ಆರೋಗ್ಯ ಪ್ರದರ್ಶನದ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಪ್ರದರ್ಶನದ ಇಪ್ಪತ್ತೇಳನೆಯ ಚಿತ್ರದ ಕೆಳಗೆ ‘ಶತಾವರಿ, ಬಾಣಂತಿಯರ ಹಾಲು ಹೆಚ್ಚಿಸುವ ಗಡ್ಡೆ’ ಎಂದು ದುಂಡಾಗಿ ಬರೆದಿದೆ. ಚಿತ್ರದಲ್ಲಿರುವುದು ಅಗ್ನಿಶಿಖೆ. ಅದರ ಗಡ್ಡೆ ತಿಂದವರು ಸಾಯುತ್ತಾರೆ. ಅಕ್ಷರದ ಬಗ್ಗೆ ನನ್ನ ತಕರಾರಿಲ್ಲ.

ಅಲ್ಲಿ ತೂಗುಹಾಕಿರುವ ಅರವತ್ತು ಚಿತ್ರಗಳನ್ನು ಬರೆದವರು ಬಬಲೇಶ್ವರದ ವೈದ್ಯರಾಗಿದ್ದ ನನ್ನ ಮುತ್ತಜ್ಜ. ಗಿಡವನ್ನು ಬೇರುಸಹಿತ ಕಿತ್ತು ತಂದು, ಅದು ಬಾಡುವ ಮೊದಲೇ ನೀಲಿ, ಅರಿಶಿನ, ಕೆಂಪು ಇಂಗಳೀಕದಲ್ಲಿ ಬರೆದು ಮುಗಿಸುತ್ತಿದ್ದರಂತೆ. ಚಿತ್ರಕ್ಕೆ ಅಡ್ಡಿಯಾಗದಿರಲೆಂದು ಹೆಸರು, ಗುಣ, ದೋಷಗಳನ್ನು ಹಾಳೆಯ ಹಿಂಬದಿಗೆ ಬರೆದಿಟ್ಟರು. ಅದನ್ನೇ ಓದಿ ನಾವು ಇಂದಿಗೂ ಮದ್ದು ಕೊಡುತ್ತೇವೆ. ಆಷಾಢದಲ್ಲಿ ತಮ್ಮ ಕಚೇರಿ ಎರಡು ತಿಂಗಳ ಮಟ್ಟಿಗೆ ಹಾಳೆಗಳನ್ನು ಕೇಳಿತು. ಕೊಟ್ಟೆ. ತಮ್ಮವರು ಅವು ಸುರುಳಿಯಾಗದಿರಲೆಂದು ಹಿಂಬದಿಗೆ ಅಂಟು ಬಳಿದು ರಟ್ಟಿಗೆ ಹಚ್ಚಿದರು. ಆಮೇಲೆ ಹೆಸರೇ ಕಾಣುತ್ತಿಲ್ಲವೆಂದು ತಾವೇ ಹೆಸರಿಟ್ಟರು.

ತಪ್ಪನ್ನು ಮೊದಲು ಹಿಡಿದವಳು ನಿಡೋಣಿಯ ಕುರಿಗಾರ ಹೆಣ್ಣುಮಗಳು ಸಕ್ರವ್ವ. ಉಣ್ಣೆ ಮಾರಲು ಊರಿಗೆ ಬಂದವಳು ಪ್ರದರ್ಶನಕ್ಕೂ ಹೊಕ್ಕಿದ್ದಳು.

“ಸಾಹೇಬ್ರ, ಇದು ವಿಷದ ಗಡ್ಡಿರಿ. ನಮ್ಮ ಕುರಿ ಇದರ ಹತ್ತಿರಕ್ಕೂ ಹೋಗಾಂಗಿಲ್ಲ” ಅಂದಳಂತೆ.

“ನಿನಗ ಓದಾಕ ಬರತೈತೇನು?” ಎಂದರಂತೆ ತಮ್ಮ ಗುಮಾಸ್ತರು.

“ಇಲ್ರಿ. ಅದಕ್ಕ ಚಿತ್ರಾ ನೋಡಿದೆ.”

ಆಕೆಯನ್ನು ಹೊರಗೆ ಕಳಿಸಲಾಯಿತು.

ಸೊಲ್ಲಾಪುರ ರಸ್ತೆಯಲ್ಲಿರುವ ನನ್ನ ತಂಗಿ ನೀಲಾಬಾಯಿಯ ಗಂಡ ಬಸಲಿಂಗಯ್ಯನಿಗೆ ಓದಲು ಬರುತ್ತದೆ. ಇಪ್ಪತ್ತು ದಿನದ ಕೂಸಿಗೆ ತಾಯಿಯ ಹಾಲು ಸಾಲದೆ ಆತ ಕಂಗಾಲಾಗಿದ್ದ. ಚಿತ್ರವನ್ನು ಕಣ್ತುಂಬ ನೋಡಿ, ತಿಕೋಟಾ ದಾರಿಯ ಬೇಲಿಯಲ್ಲಿ ಅದೇ ಗಿಡ ಹುಡುಕಿ, ಗಡ್ಡೆ ಅಗೆದು ತಂದು ಹಾಲಿನಲ್ಲಿ ಅರೆದು ಕೊಟ್ಟ.

“ಭಾಳ ಕಹಿ ಐತ್ರಿ, ಒಲ್ಲೆ” ಅಂದಳಂತೆ ತಂಗಿ.

“ಸರಕಾರದವ್ರು ಬರದಾರ. ಅವ್ರು ಸುಳ್ಳ ಬರೀತಾರೇನು? ಕುಡಿ.”

ಅರ್ಧ ಕುಡಿದಳು. ಹೊತ್ತು ಇಳಿಯುವುದರೊಳಗೆ ವಾಂತಿ, ಭೇದಿ. ನಾಲ್ಕು ದಿನ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದಳು. ನಾನು ಹೋದಾಗ ಬಸಲಿಂಗಯ್ಯ ಉಳಿದ ಗಡ್ಡೆಯನ್ನು ಅಂಗೈಯಲ್ಲಿ ಹಿಡಿದು, “ಶತಾವರಿ ಇದ ಅಲ್ಲೇನ್ರಿ?” ಎಂದ. ತಂಗಿ ಬದುಕಿದಳು. ಮೂರನೆಯ ವಾರ ತಲೆಗೂದಲು ಹಿಡಿಹಿಡಿಯಾಗಿ ಉದುರಿತು. ಕೂಸು ಆಡಿನ ಹಾಲಿನ ಮೇಲಿದೆ.

“ಅಣ್ಣಾ, ಆ ಚಿತ್ರ ನಮ್ಮ ಮನೀದಂತಲ್ಲ? ಹಂಗಾರ ನೀ ಯಾಕ ಕೊಟ್ಟಿ?” ಎಂದು ಕೇಳಿದಳು. ಈ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ಉತ್ತರ ತಮ್ಮಲ್ಲಿ ಇರಬಹುದು.

ನನ್ನ ತಕರಾರು ಅರ್ಜಿಗೆ ತಮ್ಮ ಕಚೇರಿಯ ಉತ್ತರ ತಲುಪಿದೆ: ‘ಹೆಸರಿಗೆ ಮೇಲಿನವರ ಮಂಜೂರಿ ಆಗಿರುವುದರಿಂದ ಬದಲಿಸಲು ಬರುವುದಿಲ್ಲ. ಹೆಸರಿಗೆ ತಕ್ಕಂತೆ ಚಿತ್ರವನ್ನು ತಿದ್ದಿಕೊಡುವುದಾದರೆ ಬಣ್ಣವನ್ನು ಕಚೇರಿ ಒದಗಿಸುವುದು.’ ತಮ್ಮ ಔದಾರ್ಯ ದೊಡ್ಡದು. ಚಿತ್ರವನ್ನೇನೋ ತಿದ್ದಬಹುದು, ಬೇಲಿಯಲ್ಲಿ ಬೆಳೆದಿರುವ ಗಿಡಕ್ಕೆ ಹುಕುಂ ಯಾರು ಕಳಿಸುತ್ತಾರೆ?

ಬರುವ ಸೋಮವಾರ ಪ್ರದರ್ಶನ ಸೊಲ್ಲಾಪುರಕ್ಕೆ ಹೊರಡಲಿದೆಯಂತೆ. ಬಾಣಂತಿಯರು ಅಲ್ಲಿಯೂ ಇದ್ದಾರೆ. ಅಷ್ಟರೊಳಗೆ ಆ ಹೆಸರನ್ನು ಕಿತ್ತುಹಾಕಿ, ವಿಜಾಪುರದ ಓಣಿ ಓಣಿಯಲ್ಲಿ ಡಂಗುರ ಸಾರಿಸಿ ತಪ್ಪನ್ನು ತಿಳಿಸಬೇಕು. ಅರವತ್ತೂ ಹಾಳೆಗಳನ್ನು ಮರಳಿ ಕೊಡಬೇಕು. ರಟ್ಟಿನಿಂದ ನಾನೇ ನೀರು ಹಚ್ಚಿ ಬಿಡಿಸಿಕೊಳ್ಳುತ್ತೇನೆ. ಹಿಂಬದಿಯ ಬರಹ ಅಳಿಸಿ ಹೋಗಿದ್ದರೆ ನೆನಪಿನಿಂದ ಮತ್ತೆ ಬರೆಯಬೇಕಾಗುತ್ತದೆ. ನನಗೆ ಬಾಯಿಪಾಠ ಇರುವುದು ನಲವತ್ತೊಂದು ಮಾತ್ರ.

ಇಂತಿ,
ರಸೀದಿಯನ್ನೂ ಕೇಳದೆ ಹಾಳೆ ಕೊಟ್ಟ
ಗುರುಪಾದಯ್ಯ
ಬಬಲೇಶ್ವರ, ಸೆಪ್ಟೆಂಬರ್ ೧೯೪೪